ಬ್ಯಾಂಕಿನ ಒಟಿಪಿ ಬರ್ತಿಲ್ವಾ? ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಪತ್ತೆ ಮಾಡುವ ಬಗೆ

ಪಾಸ್‌ವರ್ಡ್ ಸರಿಯಾಗಿದೆ, ಹಣ ಕಳಿಸುವ ವಿವರ ಎಲ್ಲ ತುಂಬಿದ್ದಾಗಿದೆ. ಪರದೆ ಮೇಲೆ ಒಟಿಪಿ ಹಾಕಿ ಅನ್ನುವ ಖಾಲಿ ಚೌಕ, ಅದರ ಕೆಳಗೆ ಇಳಿಯುತ್ತಿರುವ ಸೆಕೆಂಡುಗಳು. ಫೋನ್ ಮಾತ್ರ ಸದ್ದಿಲ್ಲದೆ ಕೂತಿದೆ. ಇಂಥ ಹೊತ್ತಲ್ಲಿ ಕೈ ತಾನಾಗೇ 'ಮತ್ತೆ ಕಳಿಸಿ' ಗುಂಡಿಗೆ ಹೋಗುತ್ತದೆ. ಒಂದು ಸಲ ಒತ್ತಿದರೆ ತಪ್ಪಿಲ್ಲ. ಮೂರು ನಾಲ್ಕು ಸಲ ಒತ್ತಿದರೆ ಇದ್ದ ತೊಂದರೆಯ ಮೇಲೆ ಇನ್ನೊಂದು ಬಂದು ಕೂರುತ್ತದೆ. ಯಾಕೆ ಅನ್ನುವುದನ್ನು ಮುಂದೆ ಹೇಳಿದ್ದೇನೆ.

ಒಟಿಪಿ ಬರುವ ದಾರಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬ್ಯಾಂಕಿನ ಸರ್ವರ್ ಒಂದು ಸಂಖ್ಯೆ ತಯಾರಿಸುತ್ತದೆ. ಸಾಮಾನ್ಯವಾಗಿ ಅದನ್ನು ಮೆಸೇಜ್ ಕಳಿಸುವ ಒಂದು ಮಧ್ಯವರ್ತಿ ಕಂಪನಿಗೆ ಕೊಡುತ್ತದೆ. ಅವರು ಮೊಬೈಲ್ ಕಂಪನಿಗೆ ದಾಟಿಸುತ್ತಾರೆ. ಅಲ್ಲಿರುವ ಮೆಸೇಜ್ ಕೇಂದ್ರ ಅಂಚೆ ಕಚೇರಿಯ ಹಾಗೆ. ಮೆಸೇಜನ್ನು ಇಟ್ಟುಕೊಂಡು, ನಿಮ್ಮ ಫೋನ್ ಸಿಕ್ಕಾಗ ತಲುಪಿಸುತ್ತದೆ. ಕೊನೆಗೆ ಫೋನಿನ ಮೆಸೇಜ್ ಆ್ಯಪ್ ಅದನ್ನು ನಿಮ್ಮ ಕಣ್ಣಿಗೆ ಬೀಳುವ ಹಾಗೆ ತೋರಿಸಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದೆ ಅಂತ ತಿಳಿದುಕೊಂಡರೆ ಯಾರನ್ನು ಕೇಳಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಬ್ಯಾಂಕಿನವರು ಮೊಬೈಲ್ ಕಂಪನಿ ಕಡೆ, ಅವರು ಬ್ಯಾಂಕಿನ ಕಡೆ ಕೈ ತೋರಿಸುತ್ತಾ ಇರುತ್ತಾರೆ.

ಓದುವ ಮುಂಚೆಯೇ ನೋಡಿಕೊಳ್ಳಬೇಕಾದ ಮೂರು ಲಕ್ಷಣ

ಒಟಿಪಿ ಬರದೆ ಇರುವುದು ಹೆಚ್ಚಿನ ಸಲ ಸಣ್ಣ ತೊಂದರೆ. ಆದರೆ ಈ ಮೂರರಲ್ಲಿ ಒಂದು ಕಂಡರೂ ಉಳಿದ ಪರೀಕ್ಷೆ ಯಾವುದೂ ಬೇಡ:

- ಒಳ್ಳೆ ಸಿಗ್ನಲ್ ಇದ್ದ ಜಾಗದಲ್ಲೇ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಪೂರ್ತಿ ಹೋಗಿದೆ, ಫೋನ್ ರೀಸ್ಟಾರ್ಟ್ ಮಾಡಿದರೂ ವಾಪಸ್ ಬಂದಿಲ್ಲ.
- ನೀವು ಏನೂ ಮಾಡದೆ ಒಟಿಪಿಗಳು ಬರುತ್ತಿವೆ.
- ಬಂದ ಒಟಿಪಿ ಕಣ್ಣೆದುರೇ ಮಾಯವಾಗುತ್ತಿದೆ, ಅಥವಾ ನೀವು ತೆರೆಯುವ ಮುಂಚೆಯೇ ಓದಿದ ಗುರುತು ಬಿದ್ದಿದೆ.

ಹಾಗಿದ್ದರೆ ನೇರವಾಗಿ ಕೆಳಗೆ 'ಸಿಗ್ನಲ್ ಪೂರ್ತಿ ಹೋಗಿದೆ' ಮತ್ತು 'ಕೇಳದೆ ಬರುವ ಒಟಿಪಿ' ಅನ್ನುವ ಭಾಗಗಳಿಗೆ ಹೋಗಿ.

ಲಕ್ಷಣ: ಒಟಿಪಿ ಬರುತ್ತಲೇ ಇಲ್ಲ

ಮೊದಲು ಬ್ಯಾಂಕಿನ ಪುಟವನ್ನೇ ಸರಿಯಾಗಿ ಓದಿ. 'ಕೊನೆಯಲ್ಲಿ 47 ಇರುವ ಮೊಬೈಲಿಗೆ ಕಳಿಸಿದ್ದೇವೆ' ಅಂತ ಒಂದು ಸಾಲು ಇರುತ್ತದೆ. ಆ ಕೊನೆಯ ಅಂಕಿಗಳು ನಿಮ್ಮ ಈಗಿನ ನಂಬರಿನವೇ? ಎಷ್ಟೋ ಸಲ ತೊಂದರೆ ಇಲ್ಲಿಗೇ ಬಗೆಹರಿಯುತ್ತದೆ. ಬ್ಯಾಂಕಿನಲ್ಲಿ ಹಳೆ ನಂಬರ್ ಇರುತ್ತದೆ, ಅಥವಾ ಖಾತೆಗೆ ಒಂದು ನಂಬರ್, ಕಾರ್ಡಿಗೆ ಇನ್ನೊಂದು ನಂಬರ್ ಇರುತ್ತದೆ. ಜಂಟಿ ಖಾತೆಯಾದರೆ ಮೆಸೇಜ್ ಇನ್ನೊಬ್ಬರ ಫೋನಿಗೆ ಹೋಗಿರಬಹುದು. ಕೆಲವು ಬ್ಯಾಂಕುಗಳು ಇಮೇಲಿಗೆ ಅಥವಾ ತಮ್ಮ ಆ್ಯಪಿಗೆ ಕಳಿಸುತ್ತವೆ, ನಾವು ಸುಮ್ನೆ ಎಸ್‌ಎಂಎಸ್ ಕಾಯುತ್ತಾ ಕೂರುತ್ತೇವೆ.

ನಂಬರ್ ಸರಿ ಇದೆ ಅಂದಮೇಲೆ ಫೋನಿನ ಮೇಲ್ತುದಿ ನೋಡಿ. ಏರೋಪ್ಲೇನ್ ಮೋಡ್ ಆನ್ ಆಗಿದೆಯಾ? ಎರಡು ಸಿಮ್ ಇದ್ದರೆ ಬ್ಯಾಂಕಿನ ನಂಬರ್ ಇರುವ ಸಿಮ್ ಆನ್ ಇದೆಯಾ? ವೈಫೈ ಚೆನ್ನಾಗಿ ಬರುತ್ತಿದ್ದರೆ ಮೊಬೈಲ್ ಸಿಗ್ನಲ್ ಇಲ್ಲದಿರುವುದು ಗಮನಕ್ಕೇ ಬರುವುದಿಲ್ಲ. ಇಂಟರ್ನೆಟ್ ಓಡುತ್ತಿದೆ ಅಂದರೆ ಎಸ್‌ಎಂಎಸ್ ಬರುತ್ತೆ ಅಂತ ಅರ್ಥ ಅಲ್ಲ. ಹಾಗೇ, ಮೊಬೈಲ್ ಡೇಟಾ ಆಫ್ ಇದ್ದರೂ ಎಸ್‌ಎಂಎಸ್ ಬರಬೇಕು. ಅದಕ್ಕೆ ಬೇಕಿರುವುದು ಡೇಟಾ ಅಲ್ಲ, ಸಿಮ್ ನೆಟ್‌ವರ್ಕಿಗೆ ಸೇರಿಕೊಂಡಿರುವುದು. ಗೋಡೆ ದಪ್ಪ ಇರುವ ಕೋಣೆಯಲ್ಲಿ, ನೆಲಮಾಳಿಗೆಯಲ್ಲಿ ಇದ್ದರೆ ಕಿಟಕಿ ಹತ್ತಿರ ಅಥವಾ ಹೊರಗೆ ಬಂದು ನಿಲ್ಲಿ. ನಿಮ್ಮ ಮೊಬೈಲ್ ಕಂಪನಿ ವೈಫೈ ಕಾಲಿಂಗ್ (ವೈಫೈ ಮೂಲಕವೇ ಕರೆ ಬರುವ ಸೌಲಭ್ಯ) ಕೊಡುತ್ತಿದ್ದರೆ ಅದನ್ನು ಆನ್ ಮಾಡಿ ನೋಡಿ. ಹಲವು ನೆಟ್‌ವರ್ಕ್‌ಗಳಲ್ಲಿ ಮೆಸೇಜ್‌ಗಳೂ ಅದೇ ದಾರಿಯಲ್ಲಿ ಬರುತ್ತವೆ.

ಇದಾದ ಮೇಲೆ ಏರೋಪ್ಲೇನ್ ಮೋಡ್ ಆನ್ ಮಾಡಿ, ಅರ್ಧ ನಿಮಿಷ ಬಿಟ್ಟು ಆಫ್ ಮಾಡಿ. ಇದರಿಂದ ಫೋನ್ ಹೊಸದಾಗಿ ನೆಟ್‌ವರ್ಕಿಗೆ ಸೇರಿಕೊಳ್ಳುತ್ತದೆ. ಈ ಫೋನ್ ಈಗ ಸಿಗುತ್ತಿದೆ ಅಂತ ಮೆಸೇಜ್ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಅಲ್ಲಿ ನಿಂತಿದ್ದ ಮೆಸೇಜ್‌ಗಳು ಒಟ್ಟಿಗೆ ಬಂದು ಬೀಳುತ್ತವೆ. ಹಾಗೆ ಬಿದ್ದರೆ ಬ್ಯಾಂಕಿನ ತಪ್ಪೇನೂ ಇಲ್ಲ, ನಿಮ್ಮ ಫೋನ್ ಮತ್ತು ಟವರಿನ ನಡುವೆ ತೊಡಕಿತ್ತು ಅಂತ ತಿಳಿಯಿರಿ.

ಆದರೂ ಬರಲಿಲ್ಲವಾ? ಮೆಸೇಜ್ ಬಂದು ಬೇರೆಲ್ಲೋ ಅಡಗಿದೆಯಾ ನೋಡಿ. ಗೂಗಲ್ ಮೆಸೇಜಸ್‌ನಲ್ಲಿ ಸ್ಪ್ಯಾಮ್ ಮತ್ತು ಬ್ಲಾಕ್ ಮಾಡಿದವುಗಳಿಗೆ ಬೇರೆ ಫೋಲ್ಡರ್ ಇದೆ. ಐಫೋನಿನಲ್ಲಿ ಗೊತ್ತಿಲ್ಲದವರ ಮೆಸೇಜ್ ಬೇರೆ ಮಾಡುವ ಸೆಟ್ಟಿಂಗ್ ಇದೆ. ಅದು ಆನ್ ಆಗಿದ್ದರೆ ಬ್ಯಾಂಕಿನ ಮೆಸೇಜ್ ಪಕ್ಕದ ಪಟ್ಟಿಗೆ ಹೋಗಿ, ಸದ್ದೂ ಮಾಡದೆ ಇರಬಹುದು. ಜಾಹೀರಾತು ಜಾಸ್ತಿ ಆಯಿತು ಅಂತ ಯಾವತ್ತೋ ಬ್ಯಾಂಕಿನ ಹೆಸರನ್ನೇ ಬ್ಲಾಕ್ ಮಾಡಿದ್ದರೆ ಬ್ಲಾಕ್ ಪಟ್ಟಿಯಿಂದ ತೆಗೆಯಿರಿ. ಬೇರೆ ಮೆಸೇಜ್ ಆ್ಯಪ್ ಹಾಕಿಕೊಂಡಿದ್ದೀರಾ? ಆಂಡ್ರಾಯ್ಡಿನಲ್ಲಿ ಎಸ್‌ಎಂಎಸ್ ನೋಡಿಕೊಳ್ಳುವ ಮುಖ್ಯ ಆ್ಯಪ್ ಒಂದೇ. ಅದಕ್ಕೆ ನೋಟಿಫಿಕೇಶನ್ ಅನುಮತಿ ಇಲ್ಲದಿದ್ದರೆ ಮೆಸೇಜ್ ಬಂದರೂ ನಿಮಗೆ ತಿಳಿಯುವುದಿಲ್ಲ.

ಫೋನಿನ ಜಾಗ ತುಂಬಿದೆಯಾ ಅಂತಲೂ ನೋಡಿ. ಜಾಗ ಇಲ್ಲದಿದ್ದರೆ ಫೋನ್ ಮೆಸೇಜನ್ನು ಸ್ವೀಕರಿಸದೆ ವಾಪಸ್ ಕಳಿಸಬಹುದು. ನಾಲ್ಕು ವಿಡಿಯೊ ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ಇನ್ನೊಂದು ಸಲಹೆ ಅಲ್ಲಲ್ಲಿ ಓಡಾಡುತ್ತಿರುತ್ತದೆ: 'ಮೆಸೇಜ್ ಸೆಂಟರ್ ನಂಬರ್ ಬದಲಾಯಿಸಿ, ಒಟಿಪಿ ಬರುತ್ತೆ' ಅಂತ. ಅದನ್ನು ಮುಟ್ಟಬೇಡಿ. ಆ ನಂಬರ್ ಬಳಕೆಯಾಗುವುದು ನೀವು ಮೆಸೇಜ್ ಕಳಿಸುವಾಗ ಮಾತ್ರ. ನಿಮಗೆ ಬರುವ ಮೆಸೇಜಿಗೂ ಅದಕ್ಕೂ ಸಂಬಂಧ ಇಲ್ಲ. ತಪ್ಪಾಗಿ ಬದಲಾಯಿಸಿದರೆ ಕಳಿಸುವುದೂ ನಿಂತುಹೋಗುತ್ತದೆ.

ಖರ್ಚಿಲ್ಲದ ಎರಡು ಪರೀಕ್ಷೆ

ಇಲ್ಲಿವರೆಗೂ ಸರಿ ಹೋಗದಿದ್ದರೆ ತೊಂದರೆ ಯಾರ ಕಡೆಯದು ಅಂತ ಬೇರ್ಪಡಿಸುವ ಹೊತ್ತು ಬಂತು. ಗೆಳೆಯರೊಬ್ಬರಿಗೆ ಹೇಳಿ ನಿಮ್ಮ ನಂಬರಿಗೆ ಒಂದು ಮಾಮೂಲಿ ಎಸ್‌ಎಂಎಸ್ ಹಾಕಿಸಿ. ವಾಟ್ಸ್ಆ್ಯಪ್ ಅಲ್ಲ, ಎಸ್‌ಎಂಎಸ್ಸೇ ಆಗಬೇಕು. ಆಮೇಲೆ ಬ್ಯಾಂಕ್ ಅಲ್ಲದ ಬೇರೆ ಯಾವುದಾದರೂ ಸೇವೆಯಿಂದ, ಉದಾಹರಣೆಗೆ ನಿಮ್ಮ ಇಮೇಲ್ ಖಾತೆಯಿಂದ, ಒಂದು ಒಟಿಪಿ ತರಿಸಿ ನೋಡಿ.

ಎರಡೂ ಬರಲಿಲ್ಲ ಅಂದರೆ ತೊಂದರೆ ಫೋನ್, ಸಿಮ್ ಅಥವಾ ಮೊಬೈಲ್ ಕಂಪನಿಯದು. ಗೆಳೆಯರದು ಬಂತು, ಆದರೆ ಯಾವ ಕಂಪನಿಯ ಒಟಿಪಿಯೂ ಬರುತ್ತಿಲ್ಲ ಅಂದರೆ ಸಂಸ್ಥೆಗಳಿಂದ ಬರುವ ಮೆಸೇಜ್‌ಗಳಿಗೆ ತಡೆ ಬಿದ್ದಿದೆ. ಅದು ಫೋನಿನ ಫಿಲ್ಟರ್ ಇರಬಹುದು, ಮೊಬೈಲ್ ಕಂಪನಿಯಲ್ಲಿ ನಿಮ್ಮ ನಂಬರಿಗೆ ಹಾಕಿರುವ ತಡೆ ಇರಬಹುದು. ಎರಡೂ ಬಂತು, ಬ್ಯಾಂಕಿನದು ಮಾತ್ರ ಇಲ್ಲ ಅಂದರೆ, ಮತ್ತು ಬ್ಯಾಂಕಿನ ಹೆಸರು ನಿಮ್ಮ ಬ್ಲಾಕ್ ಪಟ್ಟಿಯಲ್ಲಿ ಇಲ್ಲ ಅಂದರೆ, ಫೋನನ್ನು ಬಿಡಿಸಿ ನೋಡುವುದು ನಿಲ್ಲಿಸಿ. ತೊಂದರೆ ಬ್ಯಾಂಕಿನ ಕಡೆ ಅಥವಾ ಅವರ ಮಧ್ಯವರ್ತಿಯ ಕಡೆ ಇದೆ.

ಎರಡೂ ಬರದಿದ್ದಾಗ ಮಾತ್ರ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ ನೋಡಿ. ಅಲ್ಲಿ ಬಂದರೆ ನಿಮ್ಮ ಫೋನಿನ ತೊಂದರೆ, ಅಲ್ಲೂ ಬರದಿದ್ದರೆ ಸಿಮ್ ಅಥವಾ ನೆಟ್‌ವರ್ಕಿನದು. ಎರಡು ಎಚ್ಚರಿಕೆ. ಸಿಮ್ ಪಿನ್ ಕೇಳಿದರೆ ಊಹೆ ಮಾಡಿ ಹಾಕಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ (ಲಾಕ್ ಆದ ಸಿಮ್ ತೆರೆಯುವ ಸಂಖ್ಯೆ) ಕೇಳುತ್ತದೆ, ಪಿಯುಕೆ 10 ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತುಹೋಗುತ್ತದೆ. ಇನ್ನೊಂದು, ಇ-ಸಿಮ್ (ಫೋನಿನೊಳಗೇ ಕೂತಿರುವ, ಕೈಯಲ್ಲಿ ತೆಗೆಯಲಾಗದ ಸಿಮ್) ಇದ್ದರೆ ಅದನ್ನು ಅಳಿಸಿ ಮತ್ತೆ ಹಾಕುವ ಪ್ರಯೋಗ ಬೇಡ. ಮತ್ತೆ ಹಾಕಲು ಹಲವು ಸಲ ಮೊಬೈಲ್ ಕಂಪನಿಯ ಅನುಮತಿಯೇ ಬೇಕಾಗುತ್ತದೆ.

ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಕೊನೆಯ ಉಪಾಯ. ಅದರಿಂದ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಇ-ಸಿಮ್ ಅಳಿಸುವ ಆಯ್ಕೆ ಅಲ್ಲೇ ಕಂಡರೆ ಅದಕ್ಕೆ ಟಿಕ್ ಹಾಕಬೇಡಿ. ಪೂರ್ತಿ ಫ್ಯಾಕ್ಟರಿ ರೀಸೆಟ್ ಮಾತ್ರ ಮಾಡಲೇಬೇಡಿ. ಒಟಿಪಿ ಬರದ ಹೊತ್ತಲ್ಲಿ ಫೋನ್ ಅಳಿಸಿದರೆ ಬ್ಯಾಂಕಿನ ಆ್ಯಪನ್ನು ಮತ್ತೆ ನೋಂದಾಯಿಸಲು ಅದೇ ಒಟಿಪಿ ಬೇಕಾಗುತ್ತದೆ. ಆಗ ಎರಡೂ ಬಾಗಿಲು ಮುಚ್ಚಿದಂತೆ.

ಲಕ್ಷಣ: ಬರುತ್ತದೆ, ಆದರೆ ತಡವಾಗಿ

ಎಸ್‌ಎಂಎಸ್ ವ್ಯವಸ್ಥೆ ತಲುಪಿಸಲು ಪ್ರಯತ್ನ ಪಡುತ್ತದೆ, ಇಷ್ಟೇ ಹೊತ್ತಲ್ಲಿ ತಲುಪಿಸುತ್ತೇನೆ ಅಂತ ಮಾತು ಕೊಡುವುದಿಲ್ಲ. 1992ರ ಡಿಸೆಂಬರಿನಲ್ಲಿ ಮೊದಲ ಎಸ್‌ಎಂಎಸ್ ಹೋದಾಗ ಅದರ ಮೇಲೆ ಬ್ಯಾಂಕ್ ವ್ಯವಹಾರ ನಿಲ್ಲುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಇತ್ತ ಒಟಿಪಿಯ ಆಯಸ್ಸು ಸಾಮಾನ್ಯವಾಗಿ ಕೆಲವೇ ನಿಮಿಷ. ಅದಕ್ಕೇ ಸ್ವಲ್ಪ ತಡವಾದರೂ ಬಂದದ್ದು ವ್ಯರ್ಥ.

ತಡ ಎಲ್ಲಿ ಆಗುತ್ತಿದೆ ಅಂತ ಆಂಡ್ರಾಯ್ಡ್ ಫೋನಿನಲ್ಲೇ ನೋಡಬಹುದು. ಮೆಸೇಜನ್ನು ಒತ್ತಿ ಹಿಡಿದು ವಿವರ ತೆರೆಯಿರಿ. ಹಲವು ಆ್ಯಪ್‌ಗಳಲ್ಲಿ ಕಳಿಸಿದ ಸಮಯ ಮತ್ತು ತಲುಪಿದ ಸಮಯ ಬೇರೆ ಬೇರೆ ಕಾಣುತ್ತವೆ. ಕಳಿಸಿದ ಸಮಯ ಅಂದರೆ ಮೆಸೇಜ್ ಕೇಂದ್ರಕ್ಕೆ ಅದು ಸೇರಿದ ಹೊತ್ತು. ನೀವು 10:02ಕ್ಕೆ ಗುಂಡಿ ಒತ್ತಿದಿರಿ ಅಂದುಕೊಳ್ಳಿ. ಕಳಿಸಿದ್ದು 10:02, ತಲುಪಿದ್ದು 10:09 ಅಂತ ಇದ್ದರೆ ಮೆಸೇಜ್ ಕೇಂದ್ರದವರೆಗೆ ಬೇಗ ಬಂದು, ನಿಮ್ಮ ಫೋನ್ ಸಿಗದೆ ಕಾದಿದೆ. ಸಿಗ್ನಲ್, ಫೋನ್ ನೋಡಿಕೊಳ್ಳಿ. ಕಳಿಸಿದ್ದು 10:08, ತಲುಪಿದ್ದೂ 10:08 ಅಂತ ಇದ್ದರೆ ಆರು ನಿಮಿಷ ಹೋದದ್ದು ಬ್ಯಾಂಕ್ ಅಥವಾ ಮಧ್ಯವರ್ತಿಯ ಕಡೆ. ಆ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಒಟಿಪಿ ಅಂಕಿಗಳನ್ನು ಮರೆಮಾಡಿ. ದೂರು ಕೊಡುವಾಗ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಕನ್ನಡದಲ್ಲಿ ಬ್ಯಾಂಕ್ ಮೆಸೇಜ್ ತರಿಸಿಕೊಳ್ಳುವವರಿಗೆ ಒಂದು ಮಾತು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್‌ಎಂಎಸ್ಸಿಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಹಿಡಿಸುವುದು 70, ಅದರಲ್ಲೂ ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ಒಂದೇ ಮಾತು ಎರಡು ಮೂರು ತುಂಡಾಗಿ ಬರುತ್ತದೆ. ತುಂಡುಗಳು ಪ್ರತ್ಯೇಕವಾಗಿ ಪ್ರಯಾಣ ಮಾಡುತ್ತವೆ. ಒಂದು ತಡವಾದರೆ ಪೂರ್ತಿ ಮೆಸೇಜ್ ಕಾಣದೇ ಇರಬಹುದು, ಅಥವಾ ಅರ್ಧ ಮಾತ್ರ ಕಾಣಬಹುದು. ಅರ್ಧಂಬರ್ಧ ಮೆಸೇಜ್ ಪದೇ ಪದೇ ಬರುತ್ತಿದ್ದರೆ, ಬ್ಯಾಂಕ್ ಭಾಷೆಯ ಆಯ್ಕೆ ಕೊಡುತ್ತಿದ್ದರೆ, ಕೆಲವು ದಿನ ಇಂಗ್ಲಿಷಿಗೆ ಬದಲಾಯಿಸಿ ನೋಡಿ. ನಮ್ಮ ಭಾಷೆ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಬ್ಯಾಂಕ್ ತನ್ನ ಕನ್ನಡ ಮೆಸೇಜನ್ನು ಚಿಕ್ಕದಾಗಿ, ಒಟಿಪಿ ಮೊದಲ ಸಾಲಲ್ಲೇ ಇರುವಂತೆ ಬರೆದರೆ ಈ ತೊಂದರೆ ಬಹಳ ಕಡಿಮೆ ಆಗುತ್ತದೆ. ಹಾಗೆ ಬರೆಯಿರಿ ಅಂತ ಅವರನ್ನು ಕೇಳುವುದು ನಮ್ಮ ಹಕ್ಕು.

ಲಕ್ಷಣ: ಒಟಿಪಿ ಬಂತು, ಹಾಕಿದರೆ 'ತಪ್ಪು' ಅನ್ನುತ್ತಿದೆ

ಇದಕ್ಕೆ ದೊಡ್ಡ ಕಾರಣ ಆ 'ಮತ್ತೆ ಕಳಿಸಿ' ಗುಂಡಿ. ಹೆಚ್ಚಿನ ಬ್ಯಾಂಕುಗಳಲ್ಲಿ ಹೊಸ ಒಟಿಪಿ ಹುಟ್ಟಿದ ಕೂಡಲೇ ಹಳೆಯದು ಸಾಯುತ್ತದೆ. ನೀವು ಮೂರು ಸಲ ಒತ್ತಿದ್ದೀರಿ. ಮೂರು ಮೆಸೇಜೂ ಹೊರಟಿವೆ, ಆದರೆ ಹೊರಟ ಕ್ರಮದಲ್ಲೇ ತಲುಪಬೇಕು ಅಂತ ಇಲ್ಲ. ಎರಡನೆಯದು ಕೊನೆಗೆ ಬರಬಹುದು. ಪಟ್ಟಿಯಲ್ಲಿ ಕೆಳಗಿದೆ ಅಂತ ನೀವು ಅದನ್ನೇ ಹಾಕುತ್ತೀರಿ, ಬ್ಯಾಂಕ್ ಕಾಯುತ್ತಿರುವುದು ಮೂರನೆಯದಕ್ಕೆ. ಹೀಗೆ ಕೆಲವು ಸಲ ತಪ್ಪಾದರೆ ಖಾತೆಯ ಆನ್‌ಲೈನ್ ಪ್ರವೇಶವೇ ಲಾಕ್ ಆಗುತ್ತದೆ.

ಆಗ ಮಾಡಬೇಕಾದ್ದು ಇಷ್ಟು. ಆ ಪುಟವನ್ನು ಮುಚ್ಚಿ. ಬಾಕಿ ಇರುವ ಮೆಸೇಜ್‌ಗಳು ಬಂದು ಮುಗಿಯಲಿ ಅಂತ ಹತ್ತು ಹದಿನೈದು ನಿಮಿಷ ಸುಮ್ಮನಿರಿ. ಆಮೇಲೆ ಹೊಸದಾಗಿ ಲಾಗಿನ್ ಆಗಿ, ಒಂದೇ ಒಂದು ಸಲ ಒಟಿಪಿ ತರಿಸಿ. ಮೆಸೇಜಿನಲ್ಲಿ ವ್ಯವಹಾರದ ಗುರುತು ಸಂಖ್ಯೆಯೋ ಮೊತ್ತವೋ ಇದ್ದರೆ ಪರದೆಯದಕ್ಕೆ ಹೋಲಿಸಿ.

ಮೊಬೈಲಿನಲ್ಲೇ ಬ್ಯಾಂಕ್ ಪುಟ ತೆರೆದವರಿಗೆ ಇನ್ನೊಂದು ಬಗೆಯ ಕಾಟ ಇದೆ. ಒಟಿಪಿ ನೋಡಲು ಮೆಸೇಜ್ ಆ್ಯಪಿಗೆ ಹೋಗುತ್ತೀರಿ. ವಾಪಸ್ ಬರುವಷ್ಟರಲ್ಲಿ ಬ್ರೌಸರ್ ಪುಟವನ್ನು ಹೊಸದಾಗಿ ಲೋಡ್ ಮಾಡಿರುತ್ತದೆ. ಕಣ್ಣಿಗೆ ಅದೇ ಪುಟ, ಅದೇ ಖಾಲಿ ಚೌಕ. ಒಳಗೆ ಮಾತ್ರ ಹೊಸ ಪ್ರಯತ್ನ ಶುರುವಾಗಿದೆ, ಕೈಯಲ್ಲಿರುವ ಒಟಿಪಿ ಹಳೆಯದಕ್ಕೆ ಸೇರಿದ್ದು. ಕಡಿಮೆ ಮೆಮೊರಿ ಇರುವ ಫೋನುಗಳಲ್ಲಿ ಇದು ಜಾಸ್ತಿ. ಪುಟ ಬಿಡದೆ, ಮೇಲಿಂದ ಇಳಿಯುವ ನೋಟಿಫಿಕೇಶನ್ನಿನಲ್ಲೇ ಸಂಖ್ಯೆ ಓದಿಕೊಳ್ಳಿ. ಬೇರೆ ಆ್ಯಪ್‌ಗಳನ್ನು ಮುಚ್ಚಿ, ಬ್ಯಾಂಕ್ ಪುಟ ಒಂದೇ ಟ್ಯಾಬಿನಲ್ಲಿ ಇರಲಿ.

ಸಣ್ಣ ಪುಟ್ಟವೂ ಇವೆ. ಮೊದಲ ಅಂಕಿ ಸೊನ್ನೆ ಆಗಿದ್ದರೆ ಅದನ್ನೂ ಹಾಕಲೇಬೇಕು. ನಕಲು ಮಾಡಿ ಅಂಟಿಸಿದಾಗ ಹಿಂದೆ ಮುಂದೆ ಖಾಲಿ ಜಾಗ ಸೇರಿರಬಹುದು, ಕೈಯಲ್ಲೇ ಟೈಪ್ ಮಾಡಿ ನೋಡಿ. ಫೋನಿನ ಗಡಿಯಾರ ಸರಿ ಇಲ್ಲ ಅನ್ನುವುದು ಎಸ್‌ಎಂಎಸ್ ಒಟಿಪಿ ತಪ್ಪಾಗಲು ಕಾರಣ ಅಲ್ಲ, ಯಾಕಂದರೆ ಅವಧಿ ಎಣಿಸುವುದು ಬ್ಯಾಂಕಿನ ಸರ್ವರ್.

ಹಳೆ ಒಟಿಪಿಗಳು ಪಟ್ಟಿಯಿಂದ ತಾವಾಗೇ ಹೋಗುತ್ತಿದ್ದರೆ ಗಾಬರಿ ಆಗುವ ಮುಂಚೆ ಸೆಟ್ಟಿಂಗ್ ನೋಡಿ. ಗೂಗಲ್ ಮೆಸೇಜಸ್‌ನಲ್ಲಿ 24 ಗಂಟೆ ಆದಮೇಲೆ ಒಟಿಪಿ ಅಳಿಸುವ ಆಯ್ಕೆ ಇದೆ. ಐಫೋನಿನಲ್ಲಿ ಐಒಎಸ್ 17ರಿಂದ, ಒಟಿಪಿ ತಾನಾಗೇ ತುಂಬಿದ ಮೇಲೆ ಮೆಸೇಜ್ ಅಳಿಸುವ ಆಯ್ಕೆ ಬಂದಿದೆ. ಬಳಸುವ ಮುಂಚೆಯೇ ಮಾಯವಾದರೆ ಮಾತ್ರ ಅದು ಬೇರೆ ವಿಷಯ.

ಲಕ್ಷಣ: ಸಿಮ್, ಮೊಬೈಲ್ ಕಂಪನಿ ಅಥವಾ ದೇಶ ಬದಲಾದ ಮೇಲೆ ನಿಂತಿದೆ

ಹೊಸ ಸಿಮ್ ಹಾಕಿದ ಮೇಲೆ ಒಟಿಪಿ ನಿಂತರೆ ಅದು ಬೇಕೆಂದೇ ಹಾಕಿದ ತಡೆ ಇರಬಹುದು. ನಿಮ್ಮ ಹೆಸರಲ್ಲಿ ಕಳ್ಳರು ಸಿಮ್ ತೆಗೆದಿದ್ದರೆ ಅಂತ, ಕೆಲವು ಕಡೆ ಸಿಮ್ ಬದಲಾದ ಮೇಲೆ ಒಂದಿಷ್ಟು ಗಂಟೆ ಒಟಿಪಿ ತಡೆಯುತ್ತಾರೆ. ಒಂದು ದಿನ ಕಾಯಿರಿ. ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸಿದ್ದರೆ, ಮಧ್ಯವರ್ತಿಗಳ ಪಟ್ಟಿ ಹೊಸದಾಗುವವರೆಗೆ ಮೆಸೇಜ್ ಹಳೆ ಕಂಪನಿ ಕಡೆ ಹೋಗಬಹುದು. ಎರಡು ಮೂರು ದಿನ ಆದರೂ ಬಾರದಿದ್ದರೆ ಹೊಸ ಕಂಪನಿಗೆ ಹೇಳಿ. ದೊಡ್ಡ ಮೊತ್ತ ಕಳಿಸಬೇಕಾದ ವಾರದಲ್ಲಿ ಸಿಮ್ ಬದಲಾಯಿಸದಿರುವುದು ಒಳ್ಳೆಯದು.

ಬೇರೆ ದೇಶದಲ್ಲಿದ್ದಾಗ ರೋಮಿಂಗ್ ಸೇವೆ ಆನ್ ಇರಬೇಕು. ಡೇಟಾ ರೋಮಿಂಗ್ ಬೇಕಿಲ್ಲ, ಅದು ಬೇರೆ. ಅಲ್ಲಿನ ನೆಟ್‌ವರ್ಕನ್ನು ಫೋನ್ ತಾನೇ ಆರಿಸಿದ್ದು ಸರಿ ಬರದಿದ್ದರೆ, ಕೈಯಾರೆ ಇನ್ನೊಂದನ್ನು ಆರಿಸಿ ನೋಡಿ. ಪ್ರಿಪೇಯ್ಡ್ ಸಿಮ್ ಆಗಿದ್ದರೆ ವ್ಯಾಲಿಡಿಟಿ ಮುಗಿಯದಂತೆ ನೋಡಿಕೊಳ್ಳಿ. ಬಹಳ ದಿನ ಬಳಸದ ನಂಬರನ್ನು ಕಂಪನಿ ರದ್ದು ಮಾಡಿ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಮೆಸೇಜ್‌ಗಳು ಗುರುತಿಲ್ಲದವರ ಕೈ ಸೇರುತ್ತವೆ. ಬಳಸದ ನಂಬರನ್ನು ಬ್ಯಾಂಕಿನಿಂದ ತೆಗೆಸಿದ ಮೇಲೆಯೇ ಬಿಡಿ.

ಲಕ್ಷಣ: ಕೇಳದೆ ಬರುವ ಒಟಿಪಿ, ಬಂದು ಮಾಯವಾಗುವ ಒಟಿಪಿ

ನೀವು ಏನೂ ಮಾಡದಿದ್ದಾಗ ಬ್ಯಾಂಕಿನಿಂದ ಒಟಿಪಿ ಬಂತು. ಯಾರೋ ತಮ್ಮ ನಂಬರ್ ಬದಲು ನಿಮ್ಮದನ್ನು ತಪ್ಪಾಗಿ ಹಾಕಿರಬಹುದು. ಆದರೆ ಹಲವು ಬ್ಯಾಂಕುಗಳಲ್ಲಿ ಪಾಸ್‌ವರ್ಡ್ ಸರಿ ಹೋದಮೇಲೆಯೇ ಒಟಿಪಿ ಹೊರಡುತ್ತದೆ. ಅಂದರೆ ನಿಮ್ಮ ಪಾಸ್‌ವರ್ಡ್ ಅಥವಾ ಕಾರ್ಡ್ ವಿವರ ಬೇರೆಯವರ ಕೈಲಿದೆ ಅಂತಲೇ ತಿಳಿದು ನಡೆಯಿರಿ. ಮೆಸೇಜಿನಲ್ಲಿರುವ ಲಿಂಕ್ ಒತ್ತದೆ, ಬ್ಯಾಂಕಿನ ವಿಳಾಸ ನೀವೇ ಟೈಪ್ ಮಾಡಿ ಹೋಗಿ ಪಾಸ್‌ವರ್ಡ್ ಬದಲಾಯಿಸಿ. ಇತ್ತೀಚಿನ ವ್ಯವಹಾರಗಳನ್ನು ನೋಡಿ, ಕಾರ್ಡ್ ತಡೆಹಿಡಿಯಿರಿ, ಬ್ಯಾಂಕಿಗೆ ತಿಳಿಸಿ.

ಅದೇ ಹೊತ್ತಿಗೆ ಫೋನ್ ಬಂದು 'ನಿಮ್ಮ ವ್ಯವಹಾರ ರದ್ದು ಮಾಡಲು ಆ ಸಂಖ್ಯೆ ಹೇಳಿ' ಅಂದರೆ ಮಾತು ಮುಂದುವರಿಸದೆ ಕಾಲ್ ಕಟ್ ಮಾಡಿ. ರದ್ದು ಮಾಡಲು ಒಟಿಪಿ ಹೇಳಿ ಅಂತ ಬ್ಯಾಂಕು ಫೋನ್ ಮಾಡುವುದಿಲ್ಲ. ಮೆಸೇಜ್ ಬ್ಯಾಂಕಿನ ಹಳೆ ಮೆಸೇಜ್‌ಗಳ ಸಾಲಿನಲ್ಲೇ ಬಂದಿದೆ ಅನ್ನುವುದೂ ಪುರಾವೆ ಅಲ್ಲ. ಕಳಿಸಿದವರ ಹೆಸರನ್ನು ನಕಲಿ ಮಾಡಲು ಸಾಧ್ಯವಿದೆ, ಫೋನ್ ಹೆಸರು ನೋಡಿ ಒಂದೇ ಕಡೆ ಜೋಡಿಸುತ್ತದೆ ಅಷ್ಟೇ.

ಒಟಿಪಿ ಬಂದು ಮಾಯವಾಗುತ್ತಿದ್ದರೆ ಫೋನಿನಲ್ಲಿ ಅದನ್ನು ಓದುತ್ತಿರುವ ಆ್ಯಪ್ ಇರಬಹುದು. ಮೆಸೇಜಿನಲ್ಲಿ ಬಂದ ಫೈಲಿನಿಂದ ಯಾವುದಾದರೂ ಆ್ಯಪ್ ಹಾಕಿಕೊಂಡಿದ್ದೀರಾ? ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಆಮೇಲೆ ಸೆಟ್ಟಿಂಗಿನಲ್ಲಿ ಎಸ್‌ಎಂಎಸ್ ಅನುಮತಿ, ನೋಟಿಫಿಕೇಶನ್ ಓದುವ ಅನುಮತಿ, ಆ್ಯಕ್ಸೆಸಿಬಿಲಿಟಿ ಅನುಮತಿ (ಪರದೆ ಓದಿ, ನಿಮ್ಮ ಬದಲು ಗುಂಡಿ ಒತ್ತಬಲ್ಲ ಅನುಮತಿ) ಯಾವ ಆ್ಯಪ್‌ಗಳಿಗೆ ಇದೆ ನೋಡಿ. ಗುರುತಿಲ್ಲದ ಹೆಸರಿದ್ದರೆ ತೆಗೆಯಿರಿ. ಮೆಸೇಜ್ ಆ್ಯಪನ್ನು ಯಾವುದಾದರೂ ಕಂಪ್ಯೂಟರಿಗೆ ಜೋಡಿಸಿದ್ದರೆ ಅದನ್ನೂ ಬಿಡಿಸಿ. ತೆಗೆಯಲು ಹೋದರೆ ಪರದೆ ತಾನೇ ಮುಚ್ಚಿಕೊಳ್ಳುತ್ತಿದೆ ಅಂದರೆ ಅಲ್ಲಿಗೆ ನಿಲ್ಲಿಸಿ, ತಿಳಿದವರ ಕೈಗೆ ಕೊಡಿ. ಆ ಫೋನಿನಲ್ಲಿ ಬ್ಯಾಂಕ್ ಕೆಲಸ ಬೇಡ.

ಒಟಿಪಿಯನ್ನು ಫೋನ್ ಕರೆಯಲ್ಲಿ ಕೇಳಿಸಿಕೊಳ್ಳುವವರು *#21# ಡಯಲ್ ಮಾಡಿ ನೋಡಿ. ನಿಮ್ಮ ಕರೆಗಳು ಬೇರೆ ನಂಬರಿಗೆ ಹೋಗುತ್ತಿವೆಯಾ ಅಂತ ಹಲವು ನೆಟ್‌ವರ್ಕ್‌ಗಳಲ್ಲಿ ಇದು ತೋರಿಸುತ್ತದೆ. ##002# ಎಲ್ಲ ಕರೆ ವರ್ಗಾವಣೆ ತೆಗೆಯುತ್ತದೆ. ಇದು ಕರೆಗಳಿಗೆ ಮಾತ್ರ, ಎಸ್‌ಎಂಎಸ್‌ಗೆ ಅಲ್ಲ. ಯಾರಾದರೂ *21* ಅಥವಾ **21* ಅಂತ ಶುರುವಾಗುವ ಸಂಖ್ಯೆ ಒತ್ತಿ ಅಂದರೆ ಒತ್ತಬೇಡಿ. ಅದು ನಿಮ್ಮ ಕರೆಗಳನ್ನು ಅವರಿಗೆ ಕಳಿಸುವ ಆದೇಶ.

ಲಕ್ಷಣ: ಸಿಗ್ನಲ್ ಪೂರ್ತಿ ಹೋಗಿದೆ

ಅದೇ ಕಂಪನಿಯ ಸಿಮ್ ಇರುವ ಪಕ್ಕದವರ ಫೋನ್ ನೋಡಿ. ಅವರಿಗೂ ಇಲ್ಲ ಅಂದರೆ ಟವರ್ ತೊಂದರೆ, ಕಾಯಿರಿ. ಅವರಿಗೆ ಸಿಗ್ನಲ್ ಇದೆ, ನಿಮ್ಮದರಲ್ಲಿ ರೀಸ್ಟಾರ್ಟ್ ಆದಮೇಲೂ 'ಸೇವೆ ಇಲ್ಲ' ಅಂತಿದ್ದರೆ, ನಿಮ್ಮ ನಂಬರನ್ನು ಬೇರೆ ಸಿಮ್ಮಿಗೆ ಹಾಕಿಸಿಕೊಂಡಿರುವ ಸಾಧ್ಯತೆ ಇದೆ. ಸಿಮ್ ಸ್ವಾಪ್ ಅನ್ನುವುದು ಇದನ್ನೇ. ಅದಕ್ಕೂ ಮುಂಚೆ 'ಸಿಮ್ ಬದಲಾವಣೆ ಕೋರಿಕೆ ಬಂದಿದೆ' ಅನ್ನುವ ಮೆಸೇಜ್ ಬಂದಿದ್ದರೆ ಅನುಮಾನವೇ ಬೇಡ.

ಇಲ್ಲಿ ಯಾವುದು ಮೊದಲು ಅನ್ನುವುದೇ ಮುಖ್ಯ. ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ, ಆಮೇಲೆ ಮೊಬೈಲ್ ಕಂಪನಿಗೆ. ಸಿಮ್ ಸರಿ ಆಗುವವರೆಗೆ ಹಣ ಕಾಯುವುದಿಲ್ಲ. ಆನ್‌ಲೈನ್ ಪ್ರವೇಶ, ಕಾರ್ಡ್, ವರ್ಗಾವಣೆ ಎಲ್ಲ ನಿಲ್ಲಿಸಿ ಅಂತ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಇಮೇಲ್ ಪಾಸ್‌ವರ್ಡ್ ಬದಲಾಯಿಸಿ. ಹಣ ಹೋಗಿದ್ದರೆ ಪೊಲೀಸರಿಗೂ ಅವತ್ತೇ ತಿಳಿಸಿ.

ಬ್ಯಾಂಕಿಗೆ ಫೋನ್ ಮಾಡುವಾಗ

ಇಂಟರ್ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಹುಡುಕಾಟದಲ್ಲಿ ಮೋಸಗಾರರ ನಂಬರ್‌ಗಳೂ ಬರುತ್ತವೆ. ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ಕಿನಲ್ಲಿ ಇರುವುದಕ್ಕೇ ಮಾಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿ ಅಂದವರು ಬ್ಯಾಂಕಿನವರಲ್ಲ.

ಸುಮ್ನೆ 'ಒಟಿಪಿ ಬರ್ತಿಲ್ಲ' ಅಂದರೆ 'ಫೋನ್ ರೀಸ್ಟಾರ್ಟ್ ಮಾಡಿ' ಅನ್ನುವ ಉತ್ತರವೇ ಬರುತ್ತದೆ. ಹೀಗೆ ಹೇಳಿ: 'ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ತರಿಸಿದೆ, ಬರಲಿಲ್ಲ. ಬೇರೆಯವರ ಎಸ್‌ಎಂಎಸ್ಸೂ ಬೇರೆ ಕಂಪನಿಯ ಒಟಿಪಿಯೂ ಬರುತ್ತಿವೆ. ನೀವು ಕಳಿಸಿದ್ದರ ಡೆಲಿವರಿ ಸ್ಥಿತಿ ಏನು ಅಂತ ನೋಡಿ ಹೇಳಿ.' ಬ್ಯಾಂಕು ಕಳಿಸಿಯೇ ಇಲ್ಲ ಅಂದರೆ ಅವರ ತೊಂದರೆ. ತಲುಪಿದೆ ಅಂದರೆ ಯಾವ ನಂಬರಿಗೆ ಅಂತ ಕೇಳಿ, ಫಿಲ್ಟರ್ ಮತ್ತೆ ನೋಡಿ. ಫೋನ್ ಸಿಗಲಿಲ್ಲ ಅಂತ ಇದ್ದರೆ ಆ ಉತ್ತರ ಹಿಡಿದು ಮೊಬೈಲ್ ಕಂಪನಿಗೆ ಹೋಗಿ. ಈ ಮಾತುಕತೆಯಲ್ಲಿ ಒಟಿಪಿ, ಪಿನ್, ಪಾಸ್‌ವರ್ಡ್ ಯಾವುದನ್ನೂ ಹೇಳುವ ಅಗತ್ಯ ಬರುವುದಿಲ್ಲ.

ನಂಬರ್ ಬದಲಾಯಿಸಬೇಕಾದರೆ, ಹಳೆ ಸಿಮ್ ಕೈಲಿಲ್ಲದಿದ್ದರೆ, ಗುರುತಿನ ದಾಖಲೆ ತೆಗೆದುಕೊಂಡು ಶಾಖೆಗೆ ಹೋಗುವುದೇ ನೇರ ದಾರಿ.

ಎಸ್‌ಎಂಎಸ್ ಬಿಟ್ಟು ಬೇರೆ ದಾರಿ

ತೊಂದರೆ ಬಗೆಹರಿದ ಮೇಲೆ, ಬ್ಯಾಂಕ್ ಅವಕಾಶ ಕೊಟ್ಟರೆ, ಎರಡನೇ ದಾರಿಯೊಂದನ್ನು ಮಾಡಿಟ್ಟುಕೊಳ್ಳಿ. ಬ್ಯಾಂಕಿನ ಆ್ಯಪಿನಲ್ಲೇ ಒಪ್ಪಿಗೆ ಕೊಡುವುದು, ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೀಗದಿಂದಲೇ ಲಾಗಿನ್ ಆಗುವ ಬಗೆ), ಟೋಕನ್ ಸಾಧನ (ಸಂಖ್ಯೆ ತೋರಿಸುವ ಪುಟ್ಟ ಯಂತ್ರ), ಸಂಖ್ಯೆ ತಯಾರಿಸುವ ಆಥೆಂಟಿಕೇಟರ್ ಆ್ಯಪ್, ಯಾವುದಿದ್ದರೂ ಸರಿ. 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ಮೊಬೈಲ್ ಜಾಲಗಳ ನಡುವಿನ ಎಸ್‌ಎಸ್7 ವ್ಯವಸ್ಥೆಯ ದೌರ್ಬಲ್ಯ ಬಳಸಿ, ಬ್ಯಾಂಕ್ ಗ್ರಾಹಕರಿಗೆ ಹೊರಟ ಎಸ್‌ಎಂಎಸ್‌ಗಳನ್ನೇ ತಮ್ಮ ಕಡೆ ತಿರುಗಿಸಿಕೊಂಡು ಹಣ ತೆಗೆದರು. ಆ ಗ್ರಾಹಕರ ಸಿಮ್ ಅವರ ಫೋನಿನಲ್ಲೇ ಇತ್ತು. ಅದೇ ವರ್ಷ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್ಐಎಸ್‌ಟಿ ತನ್ನ ಮಾರ್ಗಸೂಚಿಯಲ್ಲಿ ಎಸ್‌ಎಂಎಸ್ ದೃಢೀಕರಣವನ್ನು ನಿರ್ಬಂಧಿತ (ಅಪಾಯ ತಿಳಿದುಕೊಂಡು ಬಳಸಬೇಕಾದ) ಪಟ್ಟಿಗೆ ಸೇರಿಸಿತು. ಎಸ್‌ಎಂಎಸ್ ಒಟಿಪಿ ಇರುವುದು ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಆದರೆ ಜೀವಮಾನದ ಉಳಿತಾಯಕ್ಕೆ ಅದೊಂದೇ ಬೀಗ ಆಗಬಾರದು ಅಲ್ವಾ?

ಆಥೆಂಟಿಕೇಟರ್ ಆ್ಯಪಿನ ಸಂಖ್ಯೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಅದಕ್ಕೆ ನೆಟ್‌ವರ್ಕ್ ಬೇಡ. ಇಲ್ಲಿ ಮಾತ್ರ ಫೋನಿನ ಗಡಿಯಾರ ಸರಿ ಇರಲೇಬೇಕು. ಸಂಖ್ಯೆ ಪದೇ ಪದೇ ತಪ್ಪು ಅಂದರೆ ದಿನಾಂಕ ಮತ್ತು ಸಮಯವನ್ನು ಆಟೊಮ್ಯಾಟಿಕ್ ಮಾಡಿ. ಫೋನ್ ಬದಲಾಯಿಸುವಾಗ ಹಳೆಯದನ್ನು ಅಳಿಸುವ ಮುಂಚೆ, ಹೊಸದರಿಂದ ಒಮ್ಮೆ ಬ್ಯಾಂಕಿಗೆ ಲಾಗಿನ್ ಆಗಿ, ಸಣ್ಣ ಮೊತ್ತವೊಂದನ್ನು ನಿಮ್ಮದೇ ಇನ್ನೊಂದು ಖಾತೆಗೆ ಕಳಿಸಿ ನೋಡಿ.